ಚುಕ್ತಾ ಆಗದ ‘ಕ್ವೈಟ್’

ಕೆಲಸಕ್ಕೆ ಸೇರಿದ ಮೂರನೇ ವರ್ಷ. ನಾನು ಬರೆದ ಡಿಸೈನ್ ಡಾಕ್ಯುಮೆಂಟ್ ಓದಿ ಲಂಡನ್ನಿನ ಮ್ಯಾನೇಜರ್ ‘ಕ್ವೈಟ್ ಗುಡ್’ ಅಂದ್ರು. ನಾನೋ ಖುಷಿಯಲ್ಲಿ ಊರಿಗೆ ಫೋನ್ ಮಾಡಿ, “ಅಪ್ಪಾ, ಸಾಹೇಬ್ರು ತುಂಬಾ ಚೆನ್ನಾಗಿದೆ ಅಂದ್ರು” ಅಂತ ಹೇಳಿಬಿಟ್ಟೆ. ಡಾಕ್ಯುಮೆಂಟಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ವರ್ಷದ ಕೊನೆಗೆ ರೇಟಿಂಗ್ ನೋಡಿದಾಗ ಗೊತ್ತಾಯ್ತು, ಅವರು ಹೇಳಿದ್ದು “ಪರವಾಗಿಲ್ಲ, ಇನ್ನೂ ತಿದ್ದು” ಅಂತ. ಅಪ್ಪನಿಗೆ ಮಾತ್ರ ಇದನ್ನ ಹೇಳಲಿಲ್ಲ.

ಕನ್ನಡ ಮೀಡಿಯಂ ಹುಡುಗನ ಹಣೆಬರಹವೇ ಇಷ್ಟು ಅಂತ ಬಹಳ ದಿನ ಕುಗ್ಗಿದ್ದೆ. ಆಮೇಲೆ ಆ ಪದದ ಚರಿತ್ರೆ ಓದಿದೆ. ತಪ್ಪು ಪೂರ್ತಿ ನಂದಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟು, ಕಂದಾಯ, ಲೆಕ್ಕಪತ್ರದ ಫ್ರೆಂಚ್ ಪದಗಳು ಇಂಗ್ಲಿಷಿಗೆ ಧಾರಾಳವಾಗಿ ಬಂದವು. ಅದರಲ್ಲೊಂದು ಸಾಲದಿಂದ, ಆರೋಪದಿಂದ ಬಿಡುಗಡೆಯಾದವನನ್ನು ಸೂಚಿಸುವ ‘ಕ್ವಿಟ್’. ಅದರ ಬೇರು ಲ್ಯಾಟಿನ್ನಿನ ‘ಕ್ವಿಯೇಟಸ್’, ಅಂದ್ರೆ ಶಾಂತ, ನಿರಾಳ. ಕೋರ್ಟಿನ ‘ಅಕ್ವಿಟ್’, ನಾವು ಪೇಪರ್ ಹಾಕುವಾಗಿನ ‘ಕ್ವಿಟ್’, ಮೌನದ ‘ಕ್ವಾಯಟ್’, ಎಲ್ಲ ಒಂದೇ ಮನೆತನ. ನಮ್ಮೂರ ಮಾತಲ್ಲಿ ಹೇಳೋದಾದ್ರೆ ‘ಚುಕ್ತಾ’. ಸೊಸೈಟಿ ಸಾಲ ಪೂರಾ ಚುಕ್ತಾ ಆದ ದಿನ ಅಪ್ಪನ ಮುಖದಲ್ಲಿ ಕಂಡ ನಿರಾಳ ಇದೆಯಲ್ಲ, ಅದೇ.

ಸಾಲ ಪೂರ್ತಿ ತೀರಿತು ಅನ್ನೋದರಿಂದ ‘ಪೂರ್ತಿಯಾಗಿ’ ಅನ್ನೋ ಅರ್ಥ ಹುಟ್ಟಿತು. 14ನೇ ಶತಮಾನದಲ್ಲೇ ‘ಕ್ವೈಟ್’ ಹಾಗೆ ಬಳಕೆಯಲ್ಲಿತ್ತು. ಆದರೆ ಒತ್ತು ಕೊಡುವ ಪದಗಳು ಬಳಸಿದಷ್ಟೂ ಸವೆಯುತ್ತವೆ. 19ನೇ ಶತಮಾನದ ಹೊತ್ತಿಗೆ ಬ್ರಿಟನ್ನಿನಲ್ಲಿ ‘ತಕ್ಕಮಟ್ಟಿಗೆ’ ಎಂಬ ಅರ್ಥವೂ ಸೇರಿಕೊಂಡಿತ್ತು. ಹಳೆಯದೂ ಸಾಯಲಿಲ್ಲ. ‘ಕ್ವೈಟ್ ಇಂಪಾಸಿಬಲ್’ ಅಂದರೆ ಅಲ್ಲಿ ಇವತ್ತಿಗೂ ಸುತರಾಂ ಸಾಧ್ಯವಿಲ್ಲ ಅಂತಲೇ. ಅಸಾಧ್ಯದಲ್ಲಿ ಹೆಚ್ಚು-ಕಡಿಮೆ ಇಲ್ಲ, ಹಾಗಾಗಿ ಪದ ತನ್ನ ಪೂರ್ತಿ ಬಲ ಉಳಿಸಿಕೊಂಡಿದೆ. ‘ಗುಡ್’ನಲ್ಲಿ ಹೆಚ್ಚು-ಕಡಿಮೆ ಉಂಟು, ಅಲ್ಲಿ ಸೊರಗುತ್ತದೆ. ಇತ್ತ ಅಮೆರಿಕದವರು ‘ಕ್ವೈಟ್ ಗುಡ್’ ಅಂದರೆ ಸಾಮಾನ್ಯವಾಗಿ ಮೆಚ್ಚುಗೆಯೇ. ಅಂದರೆ ನಾನು ಬ್ರಿಟಿಷರ ಮಾತನ್ನ ಅಮೆರಿಕದ ಕಿವಿಯಲ್ಲಿ ಕೇಳಿಸಿಕೊಂಡಿದ್ದೆ, ಅಷ್ಟೇ.

ನಮ್ಮ ‘ಪರವಾಗಿಲ್ಲ’ವೂ ಹಾಗೇ ಅಲ್ವಾ? ಅಮ್ಮನ ಸಾರಿಗೆ ಅಪ್ಪ ‘ಪರವಾಗಿಲ್ಲ’ ಅಂದ್ರೆ ಹೊಗಳಿಕೆಯೋ ತೆಗಳಿಕೆಯೋ, ಅಮ್ಮನಿಗೆ ಮಾತ್ರ ಗೊತ್ತು.

ಈಗ ಯಾರಾದ್ರೂ ‘ಕ್ವೈಟ್ ಗುಡ್’ ಅಂದ್ರೆ ನಾನು ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. “ಯಾವ ಭಾಗ ತಿದ್ದಬೇಕು?” ಅಂತ ಕೇಳ್ತೀನಿ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೂ ನಿಜ ಹೇಳಿದೆ. ನಕ್ಕು, “ಪರವಾಗಿಲ್ಲ ಬಿಡೋ” ಅಂದ್ರು.