ತೋನ್ಸೆಪಾರಿನ ವೀಸ ಲೆಕ್ಕ

ನಮ್ಮಪ್ಪನಿಗೆ ನಯಾಪೈಸೆ ಕೊನೆಯವರೆಗೂ ಒಗ್ಗಲಿಲ್ಲ. ಉಚ್ಚಿಲದ ಕಡಲ ಕರೆಯಲ್ಲಿ ರಂಪಣಿ ಬಲೆ ಎಳೆದು ಪಾಲು ಹಂಚುವಾಗ ಅವರ ಬಾಯಲ್ಲಿ ಬರುತ್ತಿದ್ದುದು ಅರೆ, ಕಾಲು, ಅರೆಕಾಲು, ವೀಸ. 1957ರ ಏಪ್ರಿಲ್ 1ರಂದು ಸರ್ಕಾರ ರೂಪಾಯಿಯನ್ನು ನೂರು ಪಾಲು ಮಾಡಿತು. ಅಪ್ಪನ ರೂಪಾಯಿ ಮಾತ್ರ ಹದಿನಾರಾಣೆಯದಾಗಿಯೇ ಉಳಿಯಿತು. ಅದರ ಅರ್ಧ ಎಂಟಾಣೆ, ಮತ್ತೆ ಅರ್ಧ ಪಾವಲಿ, ಮತ್ತೆ ಅರ್ಧ ಎರಡಾಣೆ, ಮತ್ತೆ ಅರ್ಧ ಒಂದಾಣೆ. ಆ ಒಂದಾಣೆಯೇ ವೀಸ, ಹದಿನಾರರಲ್ಲೊಂದು. ಇನ್ನೆರಡು ಸಲ ಅರ್ಧ ಮಾಡಿದರೆ ಕಾಲಾಣೆ. ಅರವತ್ನಾಲ್ಕರಲ್ಲೊಂದಾದ ಅದಕ್ಕೆ ಹಳಬರ ಲೆಕ್ಕದಲ್ಲಿ ಕಾಣಿ ಎಂದು ಹೆಸರು.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದೆ. ಈ ಲೆಕ್ಕ ನನ್ನ ಪಾಠದೊಳಗೆ ಬಂದದ್ದು ತೀರ ತಡವಾಗಿ. ಅಲ್ಲಿಯವರೆಗೆ ವಿಕಿರಣಶೀಲ ಕ್ಷಯದ ಸೂತ್ರ ಬರೆದು, ಮೇಲಿಂದ ಜಾರುವ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾಯಿಗೆ ಥೈರಾಯ್ಡ್ ತೊಂದರೆಗೆಂದು ಅಯೋಡಿನ್-131 ಕೊಟ್ಟಿದ್ದರು. "ಸರ್, ಅರ್ಧಾಯು ಎಂಟು ದಿನ ಅಂದ್ರೆ ಹದಿನಾರನೇ ದಿನ ಎಲ್ಲ ಮುಗೀತಲ್ವಾ?"

ಅವಳಿಗೆ ಸೂತ್ರ ಬೇಕಿರಲಿಲ್ಲ. ಹಲಗೆಯ ಮೇಲೆ ಒಂದು ರೂಪಾಯಿ ಎಂದು ಬರೆದೆ. ಎಂಟನೇ ದಿನ ಎಂಟಾಣೆ, ಹದಿನಾರಕ್ಕೆ ನಾಲ್ಕಾಣೆ, ಇಪ್ಪತ್ನಾಲ್ಕಕ್ಕೆ ಎರಡಾಣೆ, ಮೂವತ್ತೆರಡಕ್ಕೆ ಒಂದಾಣೆ. ಪ್ರತಿ ಸಲವೂ ಅರ್ಧವಾಗುವುದು ಉಳಿದದ್ದು, ಮೊದಲಿದ್ದದ್ದಲ್ಲ. ಅವಳ ಮುಖ ಸಡಿಲವಾಯಿತು. ಮೈಯಿಂದ ಮೂತ್ರದ ದಾರಿಯಲ್ಲೂ ಅಯೋಡಿನ್ ಹೊರಹೋಗುವುದರಿಂದ ಅಮ್ಮನಲ್ಲಿ ಅದು ಇನ್ನೂ ಬೇಗ ಇಳಿದಿರುತ್ತದೆ ಎಂದೂ ಹೇಳಿದೆ.

ಗ್ರಾಫ್ ಓದುವುದಕ್ಕೂ ಇದೇ ಕೀಲಿ. ಗೆರೆಯ ತುದಿಯಿಂದಲೇ ಶುರು ಮಾಡಬೇಕೆಂದಿಲ್ಲ. ಎಲ್ಲಿ ಬೇಕಾದರೂ ಬೆರಳಿಡಿ, ಆ ಎತ್ತರದ ಅರ್ಧಕ್ಕೆ ಗೆರೆ ಎಲ್ಲಿ ಇಳಿಯುತ್ತದೋ ಅಲ್ಲಿ ಇನ್ನೊಂದು ಬೆರಳಿಡಿ. ಎರಡರ ನಡುವೆ ಕೆಳಗಿನ ಅಕ್ಷದಲ್ಲಿ ಯಾವಾಗಲೂ ಅದೇ ಎಂಟು ದಿನ. 1902ರಲ್ಲಿ, ಇಲ್ಲಿ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದ ವರ್ಷ, ಮಾಂಟ್ರಿಯಲ್‌ನಲ್ಲಿ ರುದರ್‌ಫರ್ಡ್ ಮತ್ತು ಸಾಡಿ ಥೋರಿಯಂನಿಂದ ಬೇರ್ಪಡಿಸಿದ ವಸ್ತುವೊಂದರಲ್ಲಿ ಇದೇ ಅರ್ಧವಾಗುವ ಕ್ರಮವನ್ನು ಕಂಡರು. ಸುಮಾರು ನಾಲ್ಕು ದಿನಕ್ಕೆ ಅದರ ಶಕ್ತಿ ಅರ್ಧವಾಗುತ್ತಿತ್ತು. ಅಷ್ಟೇ ದಿನದಲ್ಲಿ ತಾಯಿ ಥೋರಿಯಂ ಕಳೆದುಕೊಂಡದ್ದರ ಅರ್ಧವನ್ನು ಮರಳಿ ಪಡೆಯುತ್ತಿತ್ತು. ಒಂದು ಇಳಿಯುವ ಗೆರೆ, ಒಂದು ಏರುವ ಗೆರೆ. 1931ರಲ್ಲಿ ಬ್ಯಾರನ್ ಪದವಿ ಬಂದಾಗ ರುದರ್‌ಫರ್ಡ್ ಆ ಎರಡು ಗೆರೆಗಳನ್ನೇ ತಮ್ಮ ಲಾಂಛನದಲ್ಲಿ ಕೂರಿಸಿಕೊಂಡರು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ನಮ್ಮದೇ ಕಡಲಿನ ಗ್ರಾಫ್. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಹಳಬರ ಬಾಯಲ್ಲಿ ಅದು ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಸೇಂಟ್ ಮೇರಿಯ ಹೆಸರಿಟ್ಟನೆಂದು ಪ್ರತೀತಿ. ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಯಾರೋ ಉಳಿ ಹಿಡಿದು ಕಡೆದು ಜೋಡಿಸಿದಂತೆ ನಿಂತಿವೆ. ಕುದಿಯುವ ಲಾವಾ ಆರುತ್ತ, ಕುಗ್ಗುತ್ತ, ಬಿರಿದು ಆದ ಕಂಬಗಳವು.

ಅದು ಆರಿದ್ದು ಯಾವಾಗ ಎಂಬುದು ಕಲ್ಲಿನ ಒಳಗೇ ಇದೆ. ಪೊಟ್ಯಾಷಿಯಂನಲ್ಲಿ ಹತ್ತು ಸಾವಿರಕ್ಕೆ ಒಂದು ಚಿಲ್ಲರೆ ಪರಮಾಣು ಪೊಟ್ಯಾಷಿಯಂ-40. ಅದರ ಅರ್ಧಾಯು 125 ಕೋಟಿ ವರ್ಷ. ಕ್ಷಯಿಸಿದ್ದರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಆರ್ಗಾನ್ ಅನಿಲವಾಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಲಾವಾ ಕುದಿಯುವಾಗ ಆರ್ಗಾನ್ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳಿನೊಳಗೆ ಸಿಕ್ಕಿಬೀಳುತ್ತದೆ. ಆ ಸಿಕ್ಕಿದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ.

1981ರ ಪೊಟ್ಯಾಷಿಯಂ-ಆರ್ಗಾನ್ ಅಳತೆ ಸುಮಾರು 9 ಕೋಟಿ 30 ಲಕ್ಷ ವರ್ಷ ಎಂದಿತು. 2000ದಲ್ಲಿ ಝಿರ್ಕಾನ್ ಹರಳಿನ ಯುರೇನಿಯಂ-ಸೀಸದ ಅಳತೆ 9 ಕೋಟಿ 12 ಲಕ್ಷ ಎಂದಿತು. ಮರುವರ್ಷ ಆರ್ಗಾನ್-ಆರ್ಗಾನ್ ಕ್ರಮ 8 ಕೋಟಿ 56 ಲಕ್ಷಕ್ಕೆ ಇಳಿಸಿತು. ಬಿಸಿ ತಗುಲಿ, ನೀರು ಹೊಕ್ಕು ಕಲ್ಲು ಹದಗೆಟ್ಟರೆ ಆರ್ಗಾನ್ ಸೋರುತ್ತದೆ, ವಯಸ್ಸು ಕಡಿಮೆ ತೋರುತ್ತದೆ; ಝಿರ್ಕಾನ್ ಹೆಚ್ಚು ಬಿಗಿ. ಆದ್ದರಿಂದ ನನ್ನ ಒಲವು ನಡುವಿನ ಅಂಕಿಯ ಕಡೆಗೆ. ಯಾವುದನ್ನು ಹಿಡಿದರೂ ಅದು ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರ್ಪಟ್ಟ ಕಾಲ.

ಇದನ್ನು ಗ್ರಾಫ್ ಹಾಳೆಗೆ ಇಳಿಸಿ ನೋಡಬೇಕು. ಒಂದು ಅರ್ಧಾಯುವಿಗೆ 10 ಸೆಂಟಿಮೀಟರ್ ಕೊಟ್ಟರೆ ತೋನ್ಸೆಪಾರ್ ಬರುವುದು 7 ಮಿಲಿಮೀಟರಿನಲ್ಲಿ, ಗೆರೆ ಇನ್ನೂ ಇಳಿಯಲು ಶುರುಮಾಡಿದೆ ಅಷ್ಟೆ. ವಾಸ್ಕೋ ಡ ಗಾಮನಿಂದ ಇಂದಿನವರೆಗಿನ ಕಾಲ ಪೆನ್ಸಿಲ್ ಗೆರೆಯ ದಪ್ಪದೊಳಗೇ ಮುಳುಗಿಹೋಗುತ್ತದೆ. ಮೊದಲಿದ್ದ ಸಾವಿರ ಪೊಟ್ಯಾಷಿಯಂ-40ರಲ್ಲಿ ಹೋದದ್ದು ಐವತ್ತರ ಸುಮಾರು, ಆರ್ಗಾನ್ ಆದದ್ದು ಬರೀ ಐದು. ಆ ಐದನ್ನು ಎಣಿಸಿ ಒಂದು ಖಂಡ ಒಡೆದ ಕಾಲ ಹೇಳುತ್ತಾರೆ.

ಎಂಬತ್ತರ ದಶಕದಲ್ಲಿ, ಮೊದಲ ಅಂಕಿ ಕೈಗೆ ಬಂದಾಗ, ಅಪ್ಪ ಜಗಲಿಯಲ್ಲಿ ಬಲೆಯ ಹರಕು ಕಟ್ಟುತ್ತ ಕೂತಿದ್ದರು. ಅಷ್ಟು ಕೋಟಿ ವರ್ಷವಾದರೂ ಆ ಕಲ್ಲಿನಲ್ಲಿ ಕರಗಿದ್ದು ವೀಸಕ್ಕೂ ಕಮ್ಮಿ, ನೂರಕ್ಕೆ ಐದು ಎಂದೆ. ಅವರು ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಕೊನೆಗೆ ನೂಲು ಬಿಟ್ಟು, "ಹದಿನೈದಾಣೆ ಮೇಲೊಂದು ಕಾಲಾಣೆ ಉಂಟಲ್ಲ ಇನ್ನೂ" ಎಂದರು.