ಅಧಿಕಾರಿಗಳ ಅಪರಾಧವಿಚಾರಣೆ: ಮತ್ತೋಡು ಸೀಮೆಯಿಂದ ನೋಡಿದ ಚರಿತ್ರೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದಿತು. ೧೮೦೧ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಬುಕನನ್ ಎಂಬ ವೈದ್ಯನು ಇಲ್ಲಿನ ಬಳೆಗಾಜಿನ ಕುಲುಮೆಗಳನ್ನು ಸವಿಸ್ತಾರವಾಗಿ ವರ್ಣಿಸಿರುವುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಪ್ರಕೃತ ಲೇಖನದ ವಿಷಯವು ಆ ಕುಲುಮೆಗಳಲ್ಲ. ಇಂಥ ದೂರದ ಊರೊಂದರ ಪ್ರಜೆಯು ತನ್ನ ಮೇಲಣ ಅಧಿಕಾರಿಯ ಅನ್ಯಾಯವನ್ನು ದೂರಿಕೊಂಡರೆ ಅದನ್ನು ಶೋಧಿಸತಕ್ಕವನು ಯಾರು, ಮತ್ತು ದೂರಿಗೊಳಗಾದ ಅಧಿಕಾರಿಯು ತನ್ನ ಮಾತನ್ನು ಹೇಳಿಕೊಳ್ಳಲು ಎಡೆಯುಂಟೆ ಎಂಬ ಪ್ರಶ್ನೆಯು ಮೈಸೂರು ಸೀಮೆಯಲ್ಲಿ ಯಾವ ಯಾವ ರೂಪವನ್ನು ತಾಳಿತೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಈ ಪ್ರಶ್ನೆಯು ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಎರಡನೆಯ ಅಧಿಕರಣದಲ್ಲಿ ಇದನ್ನು ಎತ್ತಿಕೊಂಡಿದೆ. ಸಂಶಯಕ್ಕೊಳಗಾದ ಯುಕ್ತನೊಡನೆ ಹಣವನ್ನು ಇಟ್ಟವನು, ಬರೆದುಕೊಂಡವನು, ಪಡೆದವನು, ಕೊಟ್ಟವನು, ಕೊಡಿಸಿದವನು ಇವರನ್ನೆಲ್ಲ ಬೇರೆಬೇರೆಯಾಗಿ ಪ್ರಶ್ನಿಸಬೇಕು. ಇಂಥವನಿಂದ ನೊಂದವರು ಬಂದು ತಿಳಿಸಲೆಂದು ನಾಡಿನಲ್ಲಿ ಸಾರಿಸಬೇಕು. ಮೋಸವನ್ನು ಸೂಚಿಸಿದವನಿಗೆ ಆರನೆಯ ಒಂದು ಪಾಲು ಸಲ್ಲಬೇಕು, ಸೂಚನೆಯು ಸಿದ್ಧವಾಗದಿದ್ದರೆ ಅವನಿಗೇ ದಂಡವಾಗಬೇಕು. ಸುಳ್ಳು ದೂರಿನಿಂದ ನೌಕರನನ್ನು ಕಾಯುವ ಕಡೆಯ ಈ ಮಾತು ಗಮನಾರ್ಹವಾದುದು.

ಮೈಸೂರರಸರಲ್ಲಿ ಚಿಕ್ಕದೇವರಾಜ ಒಡೆಯರು (೧೬೭೨-೧೭೦೪) ಸ್ಥಾಪಿಸಿದ ಅಂಚೆಯ ವ್ಯವಸ್ಥೆಯು ಕಾಗದಪತ್ರಗಳನ್ನು ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟನ್ನು ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿದ್ದಿತು. ಅಧಿಕಾರಿಗಳನ್ನು ಹದ್ದಿನಲ್ಲಿಡಲು ಇದು ಬಲವಾದ ಉಪಾಯವೇ ಸರಿ. ಆದರೆ ಅಂಚೆಯವನು ಏನು ಬರೆದನೆಂಬುದು ಬರೆಸಿಕೊಂಡವನಿಗೆ ತಿಳಿಯುವಂತಿರಲಿಲ್ಲ. ತಿಳಿಯದ ಆರೋಪಕ್ಕೆ ಉತ್ತರ ಕೊಡುವುದೆಂತು? ಗೂಢಚಾರನ ವರದಿಗೂ ವಿಚಾರಣೆಗೂ ಇರುವ ಅಂತರವು ಇಲ್ಲಿದೆ.

ಈ ಅಂತರವನ್ನು ಕಡೆಗಣಿಸಿದುದರ ಫಲವು ಮೂರನೆಯ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಕಾಣಿಸಿಕೊಂಡಿತು. ಆಗ ಷರತ್ತು ಎಂಬ ಪದ್ಧತಿಯು ಬಳಕೆಯಲ್ಲಿದ್ದಿತು. ಇಷ್ಟು ಹಣವನ್ನು ವಸೂಲುಮಾಡಿ ಕಟ್ಟುವೆನೆಂದೂ ಕಡಮೆಬಿದ್ದರೆ ತಾನೇ ತುಂಬಿಕೊಡುವೆನೆಂದೂ ಅಮಲ್ದಾರನು ಕರಾರು ಬರೆದುಕೊಡುತ್ತಿದ್ದನು. ಹೀಗೆ ಕಟ್ಟುಬಿದ್ದವನು ರೈತನನ್ನು ಹಿಂಡಿದರೆ ದೂರು ಹೋಗತಕ್ಕುದು ಫೌಜುದಾರನ ಬಳಿಗೆ. ಫೌಜುದಾರನಾದರೋ ಆ ಹಣದ ಬರವನ್ನೇ ಎದುರುನೋಡುತ್ತಿದ್ದವನು. ಮತ್ತೋಡಿನ ರೈತನೊಬ್ಬನು ಬುತ್ತಿ ಕಟ್ಟಿಕೊಂಡು ಚಿತ್ರದುರ್ಗದ ತನಕ ನಡೆದುಹೋದರೂ ನಿಷ್ಪಕ್ಷಪಾತಿಯಾದ ಕಿವಿಯೊಂದು ಅವನಿಗೆ ದೊರೆಯುವಂತಿರಲಿಲ್ಲ. ನಗರದ ಫೌಜುದಾರಿಯಲ್ಲಿ ಪರಿಸ್ಥಿತಿಯು ಇನ್ನೂ ವಿಷಮವಾಯಿತು. ಅಲ್ಲಿಗೆ ನೇಮಕವಾದ ವೀರರಾಜೇ ಅರಸು ಹಿಂದಿನವರ ಕಾಲದ ಮಾಫಿಗಳಲ್ಲಿ ಮೋಸವಿದೆಯೆಂದು ಶಂಕಿಸಿ ಶೋಧನೆಗೆ ತೊಡಗಿದರು. ಶಂಕೆಗೆ ಆಧಾರವಿದ್ದಿರಬಹುದು. ಆದರೆ ಶೋಧಿಸಿದವರು ಅರಮನೆಯ ನಂಟರು, ಶೋಧನೆಗೆ ಗುರಿಯಾದವರು ಎದುರು ಪಕ್ಷದವರು. ಆದಕಾರಣ ಲೆಕ್ಕದ ತನಿಖೆಯು ಪಕ್ಷಗಳ ಕದನವಾಗಿ ಪರಿಣಮಿಸಿತು. ೧೮೩೦ರಲ್ಲಿ ರೈತರು ಕೂಟ ಸೇರಿದರು. ದಂಗೆಯು ಹೊಸದುರ್ಗದ ಪಶ್ಚಿಮಕ್ಕೆ ತಾಗಿರುವ ತರೀಕೆರೆಯ ಸೀಮೆಗೂ ಹಬ್ಬಿತು.

ಗವರ್ನರ್ ಜನರಲ್ ಬೆಂಟಿಂಕನು ೧೮೩೧ರ ಅಕ್ಟೋಬರಿನಲ್ಲಿ ರಾಜ್ಯಾಡಳಿತವನ್ನು ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಅನಂತರ, ೧೮೩೨ರಲ್ಲಿ, ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿಯನ್ನು ನೇಮಿಸಿದನು. ಇವರು ಸ್ಥಳೀಯ ಪಕ್ಷಗಳಿಗೆ ಸೇರಿದವರಲ್ಲ. ಅಮಲ್ದಾರರ ವಸೂಲಿಯಲ್ಲಿ ಇವರಿಗೆ ಪಾಲಿರಲಿಲ್ಲ. ೧೮೩೩ರ ಕೊನೆಯಲ್ಲಿ ಒಪ್ಪಿಸಿದ ವರದಿಯಲ್ಲಿ ದುರಾಡಳಿತವೇ ದಂಗೆಗೆ ಮೂಲವೆಂದು ಅವರು ನಿರ್ಣಯಿಸಿದರು. ಷರತ್ತು ಪದ್ಧತಿಯನ್ನು ಕುರಿತು ಪಿನ್ನಿನ ಚರಿತ್ರಕಾರರು ಬರೆದುದರಲ್ಲಿ ಬಹುಭಾಗಕ್ಕೆ ಈ ವರದಿಯೇ ಆಧಾರ.

ಆದರೂ ಇದರಲ್ಲೊಂದು ದೊಡ್ಡ ಲೋಪವುಂಟು. ಶಿಕ್ಷೆಯು ಮೊದಲಾಯಿತು, ವಿಚಾರಣೆಯು ಹಿಂದಿನಿಂದ ಬಂದಿತು! ೧೭೯೯ರ ಒಪ್ಪಂದದ ಮೇರೆಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಗೆ ಕುಂದು ಬರುವ ಭಯವಿದ್ದಲ್ಲಿ ಕಂಪೆನಿಯು ಸೀಮೆಯನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಆ ಭಯವು ನಿಜವಾಗಿ ಇದ್ದಿತೇ ಎಂಬ ಸಂದೇಹವು ೧೮೩೪ರಲ್ಲಿ ಬೆಂಟಿಂಕನನ್ನೇ ಕಾಡಿತು; ರಾಜ್ಯದ ಒಂದು ಭಾಗವನ್ನಾದರೂ ಒಡೆಯರಿಗೆ ಹಿಂತಿರುಗಿಸಬೇಕೆಂದು ಅವನು ಸೂಚಿಸಿದನು. ಅದು ನಡೆಯಲಿಲ್ಲ. ರಾಜ್ಯವು ಒಡೆಯರ ಮನೆತನಕ್ಕೆ ಹಿಂತಿರುಗಿದುದು ೧೮೮೧ರಲ್ಲಿ, ಮುಮ್ಮಡಿಯವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ.

ಬ್ರಿಟಿಷ್ ಇಂಡಿಯಾದಲ್ಲಿ ೧೮೫೦ರ ಮೂವತ್ತೇಳನೆಯ ಕಾಯಿದೆಯು ಅಧಿಕಾರಿಗಳ ವಿಚಾರಣೆಗೊಂದು ಕ್ರಮವನ್ನು ಹಾಕಿಕೊಟ್ಟಿತು. ಆರೋಪಗಳನ್ನು ಬಿಡಿಬಿಡಿಯಾಗಿ ಬರೆಯಬೇಕು, ಅವುಗಳ ನಕಲು ಆಪಾದಿತನಿಗೆ ಸಲ್ಲಬೇಕು, ಸಾಕ್ಷಿಗಳನ್ನು ಅವನು ಪಾಟೀಸವಾಲಿಗೆ ಒಳಪಡಿಸಬಹುದು. ವಿಚಾರಿಸಿದ ಕಮಿಷನರು ವರದಿಯನ್ನಷ್ಟೇ ಕೊಡತಕ್ಕವರು, ಮುಂದಿನ ಆಜ್ಞೆಯು ಸರ್ಕಾರದ್ದು. ಮೈಸೂರಿನಲ್ಲಿ ೧೯೦೮ರ ಗ್ರಾಮಾಧಿಕಾರಗಳ ಕಾನೂನು ಪಟೇಲ ಶಾನುಭೋಗರನ್ನು ನಿಯಮಕ್ಕೆ ಒಳಪಡಿಸಿತು. ವಂಶಪಾರಂಪರ್ಯವಾಗಿ ಬಂದ ಆ ಅಧಿಕಾರಗಳು ೧೯೬೩ರಲ್ಲಿ ರದ್ದಾದುವು.

ಸ್ವಾತಂತ್ರ್ಯಾನಂತರ ಸಂವಿಧಾನದ ೩೧೧ನೆಯ ಅನುಚ್ಛೇದವು, ಕೆಲವು ಅಪವಾದಗಳ ಹೊರತು, ವಿಚಾರಣೆಯಿಲ್ಲದೆ ಸರ್ಕಾರಿ ನೌಕರನನ್ನು ವಜಾಮಾಡಕೂಡದೆಂದು ವಿಧಿಸಿತು. ಆದರೆ ವಿಚಾರಣೆಯ ಹೆಸರಿನಲ್ಲಿ ಏನೆಲ್ಲ ನಡೆಯಬಹುದೆಂಬುದನ್ನು ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಉತ್ತರಪ್ರದೇಶದ ಮೊಕದ್ದಮೆಯು ತೋರಿಸುತ್ತದೆ. ಪೊಲೀಸ್ ಹೆಡ್ ಕಾನ್ಸ್‌ಟೇಬಲ್ಲನೊಬ್ಬನನ್ನು ವಿಚಾರಿಸುತ್ತಿದ್ದ ಅಧಿಕಾರಿಯು, ಸಾಕ್ಷಿಯೊಬ್ಬನು ತಿರುಗಿಬಿದ್ದಾಗ, ತಾನೇ ಸಾಕ್ಷಿ ನುಡಿದು ಪುನಃ ಪೀಠವನ್ನೇರಿ ವಜಾ ಮಾಡಿದ್ದನು. ನ್ಯಾಯಾಲಯವು ಇದನ್ನು ಬಲವಾಗಿ ಖಂಡಿಸಿತು. ಆದರೆ ವಜಾ ಆಜ್ಞೆಯು ಸಂವಿಧಾನಕ್ಕಿಂತ ಹಿಂದಿನದೆಂಬ ಕಾರಣದಿಂದ ಆ ಬಡಪಾಯಿಗೆ ಪರಿಹಾರವು ದೊರೆಯಲಿಲ್ಲ. ೧೯೬೩ರ ನ್ಯಾಯನಿರ್ಣಯ ಸಂಪುಟಗಳಲ್ಲಿ ಪ್ರಕಟವಾದ ಮೈಸೂರು ರಾಜ್ಯದ ಮೊಕದ್ದಮೆಯೊಂದು ಇದಕ್ಕೆ ಪೂರಕವಾಗಿದೆ. ಇಲಾಖೆಯ ವಿಚಾರಕನು ನ್ಯಾಯಸ್ಥಾನದ ಸಾಕ್ಷ್ಯನಿಯಮಗಳಿಗೆ ಬದ್ಧನಲ್ಲ, ಎಲ್ಲಿಂದಲಾದರೂ ಸಂಗತಿಯನ್ನು ತಿಳಿಯಬಹುದು. ಆದರೆ ತಿಳಿದುದನ್ನು ಆಪಾದಿತನ ಮುಂದಿಟ್ಟು ಉತ್ತರಕ್ಕೆ ಅವಕಾಶ ಕೊಡದೆ ಬಳಸಕೂಡದೆಂದು ಅಲ್ಲಿ ತೀರ್ಮಾನವಾಯಿತು. ಹಿಂದಿನ ಅಂಚೆಯ ವರದಿಗೆ ಇಲ್ಲದಿದ್ದುದು ಇದೇ.

ಶೋಧನೆಯನ್ನೇ ವೃತ್ತಿಯಾಗುಳ್ಳ ಪ್ರತ್ಯೇಕ ಸಂಸ್ಥೆಯು ಬೇಕೆಂಬ ಭಾವನೆಯು, ಸಂತಾನಂ ಸಮಿತಿಯ ಶಿಫಾರಸಿನಿಂದ ೧೯೬೪ರಲ್ಲಿ ಕೇಂದ್ರ ಜಾಗೃತ ಆಯೋಗವು ಹುಟ್ಟಿದಾಗ ಸ್ಥಿರರೂಪವನ್ನು ಪಡೆಯಿತು. ಕರ್ನಾಟಕದ ಲೋಕಾಯುಕ್ತ ಕಾಯಿದೆಯು ೧೯೮೪ರದು. ಇದರಲ್ಲಿ ತನಿಖೆ ನಡೆಸುವ ಪೊಲೀಸರು ಬೇರೆ, ಇಲಾಖಾ ವಿಚಾರಣೆ ನಡೆಸುವ ನ್ಯಾಯಾಧಿಕಾರಿಗಳು ಬೇರೆ. ದಂಡವನ್ನು ವಿಧಿಸತಕ್ಕದ್ದು ಸರ್ಕಾರ. ೨೦೧೬ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ತನ್ನ ಅಧೀನದಲ್ಲಿ ನಿರ್ಮಿಸಿ ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಆಳುವವರ ಕೈಕೆಳಗಿರುವ ದಳವು ಆಳುವವರನ್ನು ಶೋಧಿಸುವುದೆಂತೆಂಬ ವಾದವು ಉಚ್ಚ ನ್ಯಾಯಾಲಯದ ಮುಂದೆ ಬಂದು, ೨೦೨೨ರ ಆಗಸ್ಟ್ ೧೧ರಂದು ಆ ದಳವು ರದ್ದಾಯಿತು. ಆಮೇಲೆ ಅಧಿಕಾರವು ಲೋಕಾಯುಕ್ತಕ್ಕೆ ಮರಳಿತು. ಮತ್ತೋಡಿನ ರೈತನ ದೂರು ಈಗಲೂ ಚಿತ್ರದುರ್ಗಕ್ಕೇ ಹೋಗುತ್ತದೆ, ಆದರೆ ಅದನ್ನು ತೆಗೆದುಕೊಳ್ಳುವವರು ಕಂದಾಯ ವಸೂಲಿಯವರಲ್ಲ.