ಎಣಿಕೆಗೆ ಒಳಗಾದ ಆಕಾಶ: ಹುಣಸಗಿ ಸೀಮೆಯ ಕಲ್ಲುಸಾಲುಗಳಿಂದ ಕ್ಷುದ್ರಗ್ರಹಗಳ ಶೋಧದವರೆಗೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಹುಣಸಗಿ, ಸುರಪುರ, ಶಹಾಪುರ ಸೀಮೆ ಪ್ರಾಗಿತಿಹಾಸದ ವಿದ್ವಾಂಸರಿಗೆ ಹಳೆಯ ಶಿಲಾಯುಗದ ನೆಲೆಗಳಿಂದ ಪರಿಚಿತವಾಗಿದ್ದರೂ, ಆಕಾಶವೀಕ್ಷಣೆಯ ಇತಿಹಾಸದಲ್ಲಿ ಅದಕ್ಕಿರುವ ಸ್ಥಾನ ಅಷ್ಟಾಗಿ ಚರ್ಚೆಯಾಗಿಲ್ಲ. ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರ್ ಅವರು ರಾಜನಕೋಳೂರಿನ ಕಲ್ಲುಮನೆಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಬಂಡೆಸಾಲುಗಳನ್ನೂ ದಾಖಲಿಸಿದರು. ಸುಮಾರು ಒಂದು ಶತಮಾನದ ನಂತರ, 1956ರಲ್ಲಿ, ಎಫ್. ಆರ್. ಆಲ್ಚಿನ್ ಅವರು ಈ ಭಾಗದ ಕಲ್ಲುಸಾಲುಗಳ ಬಗೆಗೇ ಒಂದು ಲೇಖನ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು ಅಂಥದೇ ನೆಲೆಯಾದ ಹನಮಸಾಗರದ ಕಲ್ಲುಸಾಲುಗಳನ್ನು ಪರಿಶೀಲಿಸಿ, ಸೂರ್ಯನು ಉತ್ತರ ಮತ್ತು ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುವ ದಿನಗಳ ಉದಯಾಸ್ತದ ದಿಕ್ಕುಗಳಿಗೆ ಅವು ಹೊಂದುತ್ತವೆ ಎಂಬ ವಾದವನ್ನು ಮುಂದಿಟ್ಟರು. ಈ ವಾದವನ್ನು ಒಪ್ಪುವುದಾದರೆ ಅದರಿಂದ ಇನ್ನೊಂದು ಮಾತೂ ಹೊರಡುತ್ತದೆ: ನೆಲದಲ್ಲಿ ನೆಟ್ಟ ಕಲ್ಲು ಮತ್ತೆ ಮತ್ತೆ ಅದೇ ದಿಕ್ಕಿಗೆ ಬರುವುದನ್ನು ಮಾತ್ರ ಗುರುತಿಸಬಲ್ಲದು, ಹೇಳದೆ ಬಂದು ಕೆಲವು ವಾರಗಳಲ್ಲಿ ಮರೆಯಾಗುವ ಬಾಲಚುಕ್ಕಿಯಾಗಲಿ, ಕ್ಷಣದಲ್ಲಿ ಉರಿದು ಹೋಗುವ ಉಲ್ಕೆಯಾಗಲಿ ಅದರ ಹಿಡಿತಕ್ಕೆ ಸಿಕ್ಕುವಂಥವಲ್ಲ.

ಆರನೆಯ ಶತಮಾನದ ವರಾಹಮಿಹಿರನು ಈ ಮಿತಿಯನ್ನು ಮುಚ್ಚಿಡದೆ ಹೇಳಿದ್ದಾನೆ. ಬೃಹತ್ಸಂಹಿತೆಯ ಕೇತುಚಾರ ಅಧ್ಯಾಯದಲ್ಲಿ, ಕೇತುಗಳು, ಅಂದರೆ ಬಾಲಚುಕ್ಕಿಗಳು, ಯಾವಾಗ ಕಾಣಿಸುತ್ತವೆ, ಯಾವಾಗ ಅಡಗುತ್ತವೆ ಎಂಬುದನ್ನು ಗಣಿತದಿಂದ ತಿಳಿಯಲಾಗದು ಎಂದು ಒಪ್ಪಿಕೊಂಡ ಮೇಲೆ, ಅವುಗಳ ಸಂಖ್ಯೆ ನೂರೊಂದೆಂದೂ ಸಾವಿರವೆಂದೂ ಇದ್ದ ಮತಗಳ ಜೊತೆಗೆ, ಕೇತು ಒಂದೇ, ಅದೇ ಹಲವು ರೂಪಗಳಲ್ಲಿ ತೋರುತ್ತದೆ ಎಂಬ ನಾರದನ ಮತವನ್ನೂ ಆತ ಉಲ್ಲೇಖಿಸುತ್ತಾನೆ. ಅದೇ ಗ್ರಂಥ ಉಲ್ಕೆಗಳನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸುತ್ತದೆ. ಶಕುನದ ಭಾಗವನ್ನು ಬದಿಗಿಟ್ಟು ಓದಿದರೆ, ರೂಪಭೇದಗಳನ್ನು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿದ ಈ ವೀಕ್ಷಣೆ ನಿಜಕ್ಕೂ ಗೌರವಕ್ಕೆ ಪಾತ್ರವಾದುದು.

ಎಣಿಕೆಗೆ ಸಿಗದ ಕೇತು ಎಣಿಕೆಯೊಳಗೆ ಬಂದದ್ದು, 1682ರಲ್ಲಿ ಕಂಡ ಧೂಮಕೇತು ಮರಳಿ ಬರುವುದೆಂದು ಎಡ್ಮಂಡ್ ಹ್ಯಾಲಿ ಹೇಳಿದ ಮಾತು 1758ರಲ್ಲಿ ನಿಜವಾದಾಗ. ಹಿಮ, ದೂಳು, ಕಲ್ಲುಗಳ ಈ ಪಿಂಡ ಸೂರ್ಯನನ್ನು ಸಮೀಪಿಸಿದಂತೆ ಹಿಮ ಆವಿಯಾಗಿ ಬಾಲ ಮೂಡುತ್ತದೆ, ದೂಳು ಕಕ್ಷೆಯುದ್ದಕ್ಕೂ ಹರಡುತ್ತದೆ. ಆ ಕಣಗಳು ಭೂಮಿಯ ವಾಯುಮಂಡಲಕ್ಕೆ ನುಗ್ಗಿ ಉರಿಯುವುದೇ ಉಲ್ಕೆ. ಉಲ್ಕಾವೃಷ್ಟಿಗೂ ಧೂಮಕೇತುವಿಗೂ ಇರುವ ಈ ನಂಟನ್ನು ಇಟಲಿಯ ಸ್ಕಿಯಾಪರೆಲ್ಲಿ 1866ರಲ್ಲಿ ತೋರಿಸಿದರು. ಹ್ಯಾಲಿ ಧೂಮಕೇತು 1910 ಮತ್ತು 1986ರಲ್ಲಿ ಬಂದುಹೋಯಿತಾದರೂ, ಅದು ಚೆಲ್ಲಿದ ದೂಳು ಪ್ರತಿವರ್ಷ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಉಲ್ಕೆಗಳಾಗಿ ಬೀಳುತ್ತಲೇ ಇದೆ.

ಉರಿದು ಮುಗಿಯದೆ ನೆಲ ಮುಟ್ಟಿದ ಕಲ್ಲಿಗೆ ಉಲ್ಕಾಶಿಲೆ ಎಂದು ಹೆಸರು. ಮೈಸೂರು ಸೀಮೆಯ ಮದ್ದೂರಿನಲ್ಲಿ 1865ರ ಸೆಪ್ಟೆಂಬರ್ 21ರಂದು ಒಂದು, ಉಡುಪಿಯಲ್ಲಿ 1866ರ ಏಪ್ರಿಲ್‌ನಲ್ಲಿ ಇನ್ನೊಂದು ಬಿದ್ದವು. ಎರಡೂ ಕಾಂಡ್ರೈಟ್, ಅಂದರೆ ಸೌರವ್ಯೂಹ ರೂಪುಗೊಂಡ ಕಾಲದ ಸಣ್ಣ ದುಂಡು ಹರಳುಗಳನ್ನು ಒಡಲಲ್ಲಿ ಉಳಿಸಿಕೊಂಡ ಶಿಲೆಗಳು. ಇಂಥ ಕಲ್ಲುಗಳ ಮೂಲ ಹೆಚ್ಚಾಗಿ ಧೂಮಕೇತುಗಳಲ್ಲ, ಮಂಗಳ ಮತ್ತು ಗುರುಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳು.

ಆ ಕ್ಷುದ್ರಗ್ರಹಗಳನ್ನು ದಕ್ಷಿಣ ಭಾರತದಿಂದಲೇ ಹುಡುಕುವ ಕೆಲಸವೂ ಅದೇ ಕಾಲದಲ್ಲಿ ನಡೆದಿತ್ತು. ಮದರಾಸು ವೇಧಶಾಲೆಯ ನಾರ್ಮನ್ ಪಾಗ್ಸನ್ 1861ರಲ್ಲಿ ಕಂಡುಹಿಡಿದ ಕ್ಷುದ್ರಗ್ರಹ ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು. ಸ್ಥಿರ ನಕ್ಷತ್ರಗಳ ನಡುವೆ ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವ ಮಸುಕು ಚುಕ್ಕೆಯನ್ನು ಗುರುತಿಸುವುದೇ ವಿಧಾನ. ಅದಕ್ಕೆ ನಕ್ಷತ್ರಗಳ ನಿಖರ ನಕ್ಷೆ ಬೇಕು. ಸುರಪುರ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮಿಯಾ ವೇಧಶಾಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂಥ ಅಂತರರಾಷ್ಟ್ರೀಯ ಛಾಯಾಚಿತ್ರ ನಕ್ಷತ್ರಪಟ್ಟಿಯ ಕೆಲಸದಲ್ಲಿ ಪಾಲ್ಗೊಂಡಿತು. ಈ ದೀರ್ಘಶ್ರಮಕ್ಕೆ ಸಿಗಬೇಕಾದ ಮನ್ನಣೆ ನಮ್ಮ ಪ್ರಾದೇಶಿಕ ಇತಿಹಾಸಗಳಲ್ಲಿ ಇನ್ನೂ ಸಿಕ್ಕಿಲ್ಲ. ಪಾಗ್ಸನ್ 1885ರಲ್ಲಿ ಕಂಡ ‘ವೆರಾ’ದ ನಂತರ ಭಾರತದಿಂದ ಹೊಸ ಕ್ಷುದ್ರಗ್ರಹವೊಂದು ಪತ್ತೆಯಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು: ಭಾರತೀಯ ಖಭೌತ ಸಂಸ್ಥೆಯ ಆರ್. ರಾಜಮೋಹನ್ 1988ರಲ್ಲಿ ಕವಲೂರಿನಿಂದ ಗುರುತಿಸಿದ ಆ ಕಾಯಕ್ಕೆ 4130 ಎಂಬ ಸಂಖ್ಯೆಯೂ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಹೆಸರೂ ದೊರೆತವು.